ಕಂಬಿ ಬಡಿದವರು ಯಾರು

ಮಾರ್ಚ್ 3, ಸೋಮವಾರ

ಇವತ್ತು ಮತ್ತೆ ಓಡಿದೆವು. ಗೂಡಿಗೆ ನಾಯಿ ನುಗ್ಗಿದಾಗ ಕೋಳಿಗಳು ಓಡುವ ಹಾಗೆ, ಒಬ್ಬರ ಮೇಲೊಬ್ಬರು ಬಿದ್ದು, ಚಪ್ಪಲಿಗಳನ್ನು ಅಲ್ಲಲ್ಲೇ ಬಿಟ್ಟು ಓಡಿದೆವು. ನಾನೂ ಓಡಿದೆ. ಬರೆಯಲು ನಾಚಿಕೆಯಾಗುತ್ತದೆ, ಅದಕ್ಕೇ ಮೊದಲು ಅದನ್ನೇ ಬರೆದೆ. ತನ್ನನ್ನು ತಾನು ತಿದ್ದಿಕೊಳ್ಳಲು ಹೊರಟವರು ನಡತೆಯನ್ನು ಕಾಗದದ ಮೇಲಿಟ್ಟು ನೋಡಬೇಕು, ಮನಸ್ಸು ಅಲುಗಿದಾಗಲೆಲ್ಲ ಕೂತು ಬರೆಯಬೇಕು, ಬರೆದರೆ ಅಲುಗಾಟ ನಿಲ್ಲುತ್ತದೆ ಎಂದು ಫುಟ್‌ಪಾತಿನಲ್ಲಿ ಕೊಂಡ ಕಿರುಹೊತ್ತಿಗೆಯೊಂದು ಹೇಳುತ್ತದೆ. ಮೂವತ್ತೆರಡೇ ಪುಟ, ಮಸಿ ಕೈಗೆ ಹತ್ತುತ್ತದೆ. ಆದರೆ ನನ್ನ ಶಾಲೆಯ ಯಾವ ಪುಸ್ತಕವೂ ನನ್ನನ್ನು ಹೀಗೆ ಕುತ್ತಿಗೆ ಹಿಡಿದು ಎಬ್ಬಿಸಿರಲಿಲ್ಲ.

ನಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಒಂದು ಪದ್ಧತಿ ಇದೆ. ಗೋಡೆಗಳ ಹಿಂದೆ ಪೈಪುಗಳಲ್ಲಿ ತಂಪು ಮಾಡುವ ಗ್ಯಾಸು ಓಡುತ್ತದೆ, ಅಮೋನಿಯಾ. ಆ ಪೈಪುಗಳು ನನಗಿಂತ ಹಳೆಯವು. ಸೋರಿದರೆ ಘಾಟು ಮೊದಲು ಮೂಗಿಗೆ ಬಡಿಯುತ್ತದೆ, ಆಮೇಲೆ ಕಣ್ಣಿಗೆ, ಆಮೇಲೆ ಗಂಟಲಿಗೆ. ಜೋರಾಗಿ ಸೋರಿದರೆ ಆಮೇಲೆ ಎನ್ನುವುದೇ ಇಲ್ಲ. ಅದಕ್ಕಾಗಿ ನಾವು ಸೇಬು ವಿಂಗಡಿಸುವ ಹಾಲ್‌ನ ಬಾಗಿಲಲ್ಲಿ ಒಂದು ಕಬ್ಬಿಣದ ಕಂಬಿಯನ್ನೂ ಪಕ್ಕದಲ್ಲಿ ಒಂದು ಸುತ್ತಿಗೆಯನ್ನೂ ತೂಗುಹಾಕಿದ್ದಾರೆ. ಯಾರಿಗೆ ಘಾಟು ಬಂದರೂ ಅವರು ಕಂಬಿ ಬಡಿಯಬಹುದು, ನೆಲ ಒರೆಸುವವರೂ ಬಡಿಯಬಹುದು. ಬಡಿದ ಕೂಡಲೇ ಕೈಯಲ್ಲಿದ್ದದ್ದನ್ನು ಬಿಟ್ಟು ಎಲ್ಲರೂ ಗೇಟಿನ ತನಕ ಓಡಬೇಕು. ಮಿಷನ್ ನೋಡಿಕೊಳ್ಳುವ ಮೇಸ್ತ್ರಿ ಗಂಧಕದ ಕಡ್ಡಿ ಹೊತ್ತಿಸಿಕೊಂಡು ಪೈಪುಗಳ ಉದ್ದಕ್ಕೂ ಹೋಗಿ ಬರುತ್ತಾರೆ. ಸೋರಿಕೆ ಇದ್ದಲ್ಲಿ ಕಡ್ಡಿಯ ಹೊಗೆ ದಟ್ಟ ಬೆಳ್ಳಗಾಗುತ್ತದೆ. ಏನೂ ಇಲ್ಲದಿದ್ದರೆ ಎಲ್ಲರೂ ನಗಾಡಿಕೊಂಡು ಒಳಗೆ. ಬಡಿದವರು ಯಾರು ಎಂದು ಮಾತ್ರ ಕೇಳುವಂತಿಲ್ಲ. ಕೇಳಿದವರನ್ನು ಎಲ್ಲರೂ ಒಂದು ಥರಾ ನೋಡುತ್ತಾರೆ.

ಇವತ್ತು ಏನೂ ಇರಲಿಲ್ಲ. ಬಡಿದದ್ದು ನನ್ನ ಅಕ್ಕ. ಕೇಳದೆಯೇ ಎಲ್ಲರಿಗೂ ಗೊತ್ತು, ಹೆಚ್ಚಿನ ಸಲ ಅವಳೇ.

"ನಿಮ್ಮ ಅಕ್ಕನ ಮೂಗಿಗೊಂದು ಟೋಪಿ ಹೊಲಿಸು ತಾಯಿ," ಎಂದ ದೊಡ್ಡಬಾಯಿ. ಲಾರಿಗೆ ಪೆಟ್ಟಿಗೆ ಹೇರುವವನು, ಆ ಹೆಸರು ಅವನಿಗೆ ಯಾಕೆ ಬಂತು ಎಂಬುದು ಅವನು ಮಾತಾಡಿದರೆ ಬೀದಿಯ ಕೊನೆಗೂ ತಿಳಿಯುತ್ತದೆ. "ಆಚೆ ಬೀದೀಲಿ ಯಾರೋ ಈರುಳ್ಳಿ ಹೆಚ್ಚಿದ್ರೂ ನಾವು ಇಲ್ಲಿ ಓಡ್ಬೇಕು."

"ಓಡು. ಆ ಹೊಟ್ಟೆ ಒಂದಿಷ್ಟು ಕರಗಲಿ," ಎಂದಳು ಅಕ್ಕ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹಳೆಯ ಪೈಪು ಇಟ್ಟುಕೊಂಡು ನಮ್ಮನ್ನು ಓಡಿಸುವವರು ಒಳಗೆ ಕೂತಿದ್ದಾರೆ, ನಾವು ಗೇಟಿನ ಹತ್ತಿರ ಜೋಕು ಹೊಡೆಯುತ್ತಿದ್ದೇವೆ. ಪೈಪು ಬದಲಾಯಿಸಬೇಕು, ಎಲ್ಲರಿಗೂ ಮುಖದ ಮಾಸ್ಕು ಕೊಡಬೇಕು ಎಂದು ಮನವಿ ಬರೆದಿದ್ದೇನೆ. ಇವತ್ತು ಎಲ್ಲರ ಸಹಿಯೂ ಬಿತ್ತು. ಪೈಪು ಬದಲಾಗುವವರೆಗೆ ನಾನು ಸುಮ್ಮನೆ ಕೂರುವವಳಲ್ಲ.

ಮಾರ್ಚ್ 7, ಶುಕ್ರವಾರ

ಮ್ಯಾನೇಜರ್ ಕರೆಸಿದರು. ಬೈಯುತ್ತಾರೆ ಎಂದು ಮಾತುಗಳನ್ನು ಹರಿತ ಮಾಡಿಕೊಂಡು ಹೋಗಿದ್ದೆ. ಬೈಯಲಿಲ್ಲ. "ಕೂತ್ಕೋಮ್ಮ," ಎಂದರು. ನಾನು ನಿಂತೇ ಇದ್ದೆ.

"ಬರವಣಿಗೆ ಚೆನ್ನಾಗಿದೆ. ನೀನೇ ಬರೆದದ್ದಾ?"

"ಎಲ್ಲರದ್ದೂ ಸರ್."

"ಆಯ್ತು. ಇದನ್ನ ಮೇಲಿನವರಿಗೆ ಕಳಿಸ್ತೀನಿ ಅಂತಿಟ್ಕೋ. ಅವರು ಕೇಳೋದು ಒಂದೇ. ಎಷ್ಟು ಸಲ ಓಡಿದ್ರು, ಎಷ್ಟು ಸಲ ನಿಜವಾಗಿ ಸೋರಿತ್ತು ಅಂತ. ನಾನು ಏನು ಹೇಳಲಿ, ನೀನೇ ಹೇಳು." ಮನವಿಯನ್ನು ಮಡಚಿಟ್ಟು ಅಂದರು, "ನಿಜ ಇದ್ದಾಗ ಮಾತ್ರ ಬಡೀರಿ. ಆಗ ನಿಮ್ಮ ಮಾತಿಗೆ ತೂಕ ಬರುತ್ತೆ. ತನ್ನ ಕೈಕಾಲೇ ತನ್ನ ಮಾತು ಕೇಳದವರ ಮಾತನ್ನ ಯಾರು ಕೇಳ್ತಾರಮ್ಮ?"

ಬಾಗಿಲು ದಾಟುವವರೆಗೂ ಮೈ ಉರಿಯುತ್ತಿತ್ತು. ಮನೆಗೆ ನಡೆದು ಬರುವಾಗ ಉರಿ ಆರಿತು, ಮಾತು ಉಳಿಯಿತು. ಶತ್ರುವಿನ ಬಾಯಿಂದ ಬಂದರೂ ನಿಜ ನಿಜವೇ. ನನ್ನ ಕಿರುಹೊತ್ತಿಗೆ ಹೇಳುವುದೂ ಅದನ್ನೇ. ಹೆದರುವವರು ಯಾವ ಹಕ್ಕನ್ನೂ ಗಳಿಸಲಾರರು. ಮೊದಲು ನಾನು ಹೆದರಿಕೆಯನ್ನು ಗೆಲ್ಲುತ್ತೇನೆ. ಆಮೇಲೆ ಹಾಲ್‌ನವರು. ಆಮೇಲೆ ಪೈಪು.

ಮಾರ್ಚ್ 15, ಶನಿವಾರ

ಸೇಬಿನ ಪೆಟ್ಟಿಗೆಗಳನ್ನು ತಂಪಿನಲ್ಲಿಡುವ ಒಳಕೋಣೆಯ ಹಿಂದೆ, ಮಿಷನ್ ರೂಮಿಗೆ ಹೋಗುವ ಓಣಿಯಲ್ಲಿ, ಒಂದು ಹಳೆಯ ವಾಲ್ವ್ ಇದೆ. ಅಲ್ಲಿ ಯಾವಾಗಲೂ ಸಣ್ಣಗೆ ಘಾಟು. ಮೇಸ್ತ್ರಿ ಅದಕ್ಕೆ ಎಷ್ಟೋ ಸಲ ಪಟ್ಟಿ ಸುತ್ತಿದ್ದಾರೆ. ಯಾರೂ ಅಲ್ಲಿ ನಿಲ್ಲುವುದಿಲ್ಲ, ಉಸಿರು ಹಿಡಿದು ದಾಟುತ್ತಾರೆ. ನಾನು ಊಟದ ಬಿಡುವಿನಲ್ಲಿ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೇನೆ.

ಮೊದಲ ದಿನ ನಿಲ್ಲಲಾಗಲಿಲ್ಲ. ಗಂಟಲಿಗೆ ಯಾರೋ ಬೆರಳು ಹಾಕಿದಂತಾಯಿತು. ಎರಡನೆಯ ದಿನ ಕಣ್ಣೀರು ಗಲ್ಲದವರೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ. ಇವತ್ತು ಎದೆ ಬಡಿತ ತಣ್ಣಗಾಗುವವರೆಗೂ ನಿಂತಿದ್ದೆ. ಮೈ ಓಡು ಎನ್ನುತ್ತದೆ, ನಾನು ನಿಲ್ಲು ಎನ್ನುತ್ತೇನೆ. ನನ್ನ ಮನೆಯಲ್ಲಿ ಯಜಮಾನಿ ಯಾರು ಎಂದು ಮೈಗೆ ತಿಳಿಯಬೇಕು.

ದಾಟಿ ಹೋಗುತ್ತಿದ್ದ ಮೇಸ್ತ್ರಿ ನೋಡಿದರು. "ಏನಮ್ಮಾ, ಬೇರೆ ಜಾಗ ಸಿಗಲಿಲ್ವಾ ಊಟಕ್ಕೆ?"

"ಅಭ್ಯಾಸ ಮಾಡ್ಕೊಳ್ತಿದೀನಿ ಮೇಸ್ತ್ರಿ."

"ಇದಕ್ಕೆ ಅಭ್ಯಾಸ ಆಗಬಾರದಮ್ಮ," ಎಂದು ಹೋದರು. ಒಳ್ಳೆಯ ಮನುಷ್ಯ. ಆದರೆ ಅವರಲ್ಲೂ ಅದೇ ಹಳೆಯ ಹೆದರಿಕೆ.

ಮಾರ್ಚ್ 27, ಗುರುವಾರ

ಬದಲಾವಣೆ ಕಣ್ಣಿಗೆ ಕಾಣುತ್ತಿದೆ. ವಾಲ್ವಿನ ಹತ್ತಿರ ನಿಂತರೆ ಈಗ ಹೆಚ್ಚೇನೂ ಘಾಟಿಲ್ಲ. ಮೊದಲ ಗಳಿಗೆ ಸ್ವಲ್ಪ, ಆಮೇಲೆ ಇಲ್ಲವೇ ಇಲ್ಲ. ಅಂದರೆ ಇಷ್ಟು ದಿನ ನನ್ನ ಮೂಗಿಗೆ ಬಡಿಯುತ್ತಿದ್ದದ್ದು ಗ್ಯಾಸಲ್ಲ, ನನ್ನ ಅಂಜಿಕೆ. ಇದನ್ನು ಕಂಡುಕೊಂಡಾಗ ಕುಣಿಯಬೇಕೆನಿಸಿತು. ಕುಣಿಯಲಿಲ್ಲ. ಸಂತೋಷವೂ ಹದದಲ್ಲಿರಬೇಕು.

ಇವತ್ತಿನಿಂದ ಊಟದ ಬಿಡುವಿನಲ್ಲಿ ಕೂಟ ಶುರು. ಐದಾರು ಹೆಂಗಸರು, ಜೊತೆಗೆ ದೊಡ್ಡಬಾಯಿ. ಕಿರುಹೊತ್ತಿಗೆಯಿಂದ ಎರಡು ಪುಟ ಓದುತ್ತೇನೆ, ಆಮೇಲೆ ಮಾತು. ಕಣ್ಣು ಮುಚ್ಚಿ, ಉಸಿರು ತಗೊಂಡು, ಇದು ವಾಸನೆಯೋ ಹೆದರಿಕೆಯೋ ಎಂದು ತನ್ನನ್ನೇ ಕೇಳಿಕೊಳ್ಳುವ ಅಭ್ಯಾಸ.

"ನನಗೆ ಇದು ಊಟ ಮಾಡಿದ ನಿದ್ದೆ ಅನ್ಸುತ್ತೆ," ಎಂದ ದೊಡ್ಡಬಾಯಿ ಕಣ್ಣು ಮುಚ್ಚಿಕೊಂಡೇ.

ಅಕ್ಕ ದೂರದಲ್ಲಿ ಕೂತು ಡಬ್ಬಿ ತೊಳೆಯುತ್ತಿದ್ದಳು. ನಾನು ಓದುವಾಗ ಅವಳ ಕೈ ನಿಂತಿತ್ತು. ಮನೆಗೆ ಬರುವಾಗ, "ಎಷ್ಟು ಚೆನ್ನಾಗಿ ಓದ್ತೀಯೇ, ಯಾರೋ ದೊಡ್ಡ ಮನುಷ್ಯರ ಥರಾ," ಎಂದಳು. ಭಾವ ಬಿಟ್ಟುಹೋದ ಮೇಲೆ ಮಗಳನ್ನೂ ನನ್ನನ್ನೂ ಒಂದೇ ಕೈಯಲ್ಲಿ ಸಾಕಿದವಳು. ಅವಳಿಗೆ ಹೆಮ್ಮೆಯಾಗುವಂತೆ ಬದುಕಬೇಕು.

ಏಪ್ರಿಲ್ 13, ಭಾನುವಾರ

ರಜೆ. ಅಕ್ಕ ಬಟ್ಟೆ ಒಗೆಯಲು ಕೆಳಗೆ ಹೋಗಿದ್ದಳು, ಹಾಲು ನೋಡಿಕೋ ಎಂದಿದ್ದಳು. ನಾನು ಒಲೆಯ ಪಕ್ಕದಲ್ಲೇ ಕೂತು ಓದುತ್ತಿದ್ದೆ. ಏಕಾಗ್ರತೆಯ ಅಧ್ಯಾಯ. ಅಕ್ಕ ಮೆಟ್ಟಿಲನ್ನು ಎರಡೆರಡೇ ಹತ್ತಿ ಬಂದಳು.

"ಲೇ, ಮನೆಗೆ ಬೆಂಕಿ ಬಿದ್ದಿದ್ರೂ ಓದ್ತಾನೇ ಇರ್ತಿದ್ಯಾ? ಪಾತ್ರೆ ತಳ ಕಪ್ಪಗಾಗಿದೆ. ಸೀದ ವಾಸನೆ ಕೆಳಗಿನ ನಲ್ಲಿ ತನಕ ಬಂತು."

ನಿಜವಾಗಿ ನನಗೆ ಏನೂ ಬಂದಿರಲಿಲ್ಲ. ಹಾಲು ಹೋಯಿತು, ಅದಕ್ಕೆ ಬೇಸರವಿದೆ. ಆದರೆ ಪಕ್ಕದಲ್ಲೇ ಉಕ್ಕಿ ಸೀದದ್ದು ತಿಳಿಯದಷ್ಟು ಗಟ್ಟಿಯಾಗಿ ಮನಸ್ಸು ಒಂದು ಕಡೆ ನಿಂತಿತು ಎಂದರೆ ಸಣ್ಣ ವಿಷಯವಲ್ಲ.

ಅಕ್ಕನ ಮಗಳು ಪುಟ್ಟಿ ಈಗೀಗ ನನ್ನ ಪಕ್ಕ ಮಲಗುವುದಿಲ್ಲ. "ಚಿಕ್ಕಮ್ಮ, ನಿನ್ನ ಕೂದಲು ಕಣ್ಣುರಿ ಮಾಡುತ್ತೆ," ಎಂದು ಮೂಗು ಮುಚ್ಚಿಕೊಂಡು ಗೋಡೆಯ ಕಡೆ ಹೋದಳು. ಬಸ್ಸಿನಲ್ಲೂ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಜನ ತೀರ ನಾಜೂಕಾಗಿಬಿಟ್ಟಿದ್ದಾರೆ.

ಏಪ್ರಿಲ್ 25, ಶುಕ್ರವಾರ

ಇವತ್ತು ನಾನು ಓಡಲಿಲ್ಲ.

ಬೆಳಿಗ್ಗೆಯ ಚಹಾಕ್ಕೆ ಮೊದಲು ಕಂಬಿ ಬಡಿಯಿತು. ಎಲ್ಲರೂ ಎದ್ದರು. ನಾನು ಬಾಗಿಲಿಗೆ ಅಡ್ಡ ನಿಂತು ಕೈ ಎತ್ತಿದೆ. "ಓಡಬೇಡಿ. ನಡೀರಿ. ಉಸಿರು ತಗೊಳ್ಳಿ, ನಿಮಗೆ ನಿಜವಾಗ್ಲೂ ಬರ್ತಿದ್ಯಾ ನೋಡ್ಕೊಳ್ಳಿ." ಕೆಲವರು ನನ್ನನ್ನು ತಳ್ಳಿಕೊಂಡೇ ಹೋದರು. ಆದರೆ ಕೂಟದ ಹೆಂಗಸರು ನಿಂತರು, ಆಮೇಲೆ ನಡೆದು ಹೋದರು. ಎಲ್ಲರಿಗಿಂತ ಕೊನೆಗೆ ನಾನು, ಕೈ ಹಿಂದೆ ಕಟ್ಟಿಕೊಂಡು. ನನಗೆ ಒಂಚೂರೂ ಘಾಟು ಬರಲಿಲ್ಲ.

ಮೇಸ್ತ್ರಿ ಬಂದು, ವಾಲ್ವಿನ ಪಕ್ಕ ಒಂದು ಜೋಡಣೆಯಲ್ಲಿ ಹೊಗೆ ಬೆಳ್ಳಗಾಯಿತು, ಬಿಗಿ ಮಾಡಿದ್ದೇನೆ ಎಂದರು. ಇದ್ದಿರಬಹುದು. ನನ್ನ ಮೂಗಿಗೇ ಸಿಗದಷ್ಟು ಚಿಕ್ಕದು ಎಂದ ಮೇಲೆ ಅದಕ್ಕೆ ಇಷ್ಟು ಜನ ಕೆಲಸ ಬಿಟ್ಟು ಬರಬೇಕಿತ್ತೇ?

ಗೇಟಿನ ಹತ್ತಿರ ನಾನು ಕೇಳಿಬಿಟ್ಟೆ. "ಬಡಿದವರು ಯಾರು?"

ಎಲ್ಲರೂ ನನ್ನನ್ನು ಒಂದು ಥರಾ ನೋಡಿದರು. ಅಕ್ಕ ನನ್ನ ತೋಳು ಹಿಡಿದಳು. ನಾನು ಬಿಡಿಸಿಕೊಂಡೆ. ತಪ್ಪು ಹುಡುಕಲು ಕೇಳಿದ್ದಲ್ಲ. ಮಾಡಿದ್ದನ್ನು ಒಪ್ಪಿಕೊಳ್ಳುವ ಧೈರ್ಯ ಬೆಳೆಯಲಿ ಎಂದು ಕೇಳಿದೆ.

"ನಾನೇ," ಎಂದ ದೊಡ್ಡಬಾಯಿ. "ಈಗೇನು, ಬೆಂಚಿನ ಮೇಲೆ ನಿಲ್ಲಿಸ್ತೀಯಾ?"

"ಬಡಿಯೋ ಮೊದಲು ಉಸಿರು ತಗೊಂಡು ಯೋಚನೆ ಮಾಡಿದ್ಯಾ?"

"ಉಸಿರು ತಗೊಂಡೆ ತಾಯಿ, ಅದಕ್ಕೇ ಬಡಿದೆ."

ಯಾರೋ ನಕ್ಕರು. ಅವನು ನಗಲಿಲ್ಲ. ಹತ್ತಿರ ಬಂದು, ಅವನಿಗೆ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದ: "ನೋಡು, ನೀನು ಎರಡು ವಾರ ಈ ಕಡೆ ತಲೆ ಹಾಕ್ಬೇಡ. ಗಾಳಿ ಇರೋ ಕಡೆ ಇದ್ದು ಬಾ. ಆಮೇಲೆ ಆ ವಾಲ್ವ್ ಹತ್ರ ನಿಂತು ಮೂಸಿ ಹೇಳು. ನಿನ್ನ ಮೂಗು ಸತ್ತಿದೆ ಕಣಮ್ಮ. ನೀನು ಅದಕ್ಕೆ ಧೈರ್ಯ ಅಂತ ಹೆಸರಿಟ್ಟಿದ್ದೀಯ."

ಮುಂದೆ ಹೋಗುವವರ ಕಾಲೆಳೆಯುವುದು ಇದ್ದದ್ದೇ. ಕೋಪ ಬಂತು. ನುಂಗಿಕೊಂಡೆ. ಸಂಜೆಯ ಹೊತ್ತಿಗೆ ಅದು ಇರಲೇ ಇಲ್ಲ.

ಮೇ 5, ಸೋಮವಾರ

ನನ್ನನ್ನು ಹಾಲ್‌ನ ಮೇಲ್ವಿಚಾರಕಿ ಮಾಡಿದ್ದಾರೆ. ಒಂದು ಮೂಲೆಗೆ ಗಾಜಿನ ತಡಿಕೆ, ಮೇಜು, ಬೀಗವಿರುವ ಡ್ರಾಯರ್. ಕೂತಲ್ಲಿಂದ ಎಲ್ಲರ ಕೈಗಳೂ ಕಾಣುತ್ತವೆ. ಇನ್ನು ಮೇಲೆ ನಮ್ಮವರ ಮಾತು ನೇರವಾಗಿ ಮೇಲಕ್ಕೆ ಹೋಗುತ್ತದೆ, ನನ್ನ ಮೂಲಕ.

ಮ್ಯಾನೇಜರ್ ಈ ಸಲ ಕೂತ್ಕೋ ಎಂದಾಗ ಕೂತೆ. ಮನವಿ ತಮ್ಮ ನೆನಪಿನಲ್ಲಿದೆ ಎಂದರು. ಹೆಚ್ಚು ಕೆದಕಲಿಲ್ಲ. ಎಲ್ಲದಕ್ಕೂ ಒಂದು ಸಮಯವಿದೆ ಎಂದು ತಿಳಿಯುವುದೂ ಒಂದು ಗುಣ.

ಅಕ್ಕ ನನ್ನ ಮೇಜನ್ನು ತನ್ನ ಸೆರಗಿನಿಂದ ಒರೆಸಿದಳು. ಬೇಡ, ಎಲ್ಲರೂ ನೋಡುತ್ತಾರೆ ಎಂದೆ.

ಮೇ 9, ಶುಕ್ರವಾರ

ಹೊಸ ನಿಯಮ ತಂದಿದ್ದೇನೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಯೋಚನೆ. ಘಾಟು ಬಂತು ಅನಿಸಿದವರು ಮೊದಲು ಮೇಜಿನ ಹತ್ತಿರ ಬಂದು ನನಗೆ ಹೇಳಬೇಕು. ನಾನು ಹೋಗಿ ನೋಡುತ್ತೇನೆ. ಇದ್ದರೆ ನಾನೇ ಬಡಿಯುತ್ತೇನೆ. ಆತುರದಲ್ಲಿ ಯಾರ ಕೈಯೂ ಹೋಗದಿರಲಿ ಎಂದು ಸುತ್ತಿಗೆಯನ್ನು ಡ್ರಾಯರಿನಲ್ಲಿ ಇಟ್ಟಿದ್ದೇನೆ. ಕಂಬಿ ಅಲ್ಲೇ ಇದೆ.

ಮನೆಗೆ ಬಂದ ಮೇಲೆ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ಸುತ್ತಿಗೆ ಎಲ್ಲಿ?"

"ನನ್ನ ಹತ್ರ ಇದೆ. ಎಲ್ಲೂ ಹೋಗಿಲ್ಲ."

"ವಾಪಸ್ ಹಾಕೇ ಅದನ್ನ."

"ಅಕ್ಕಾ, ಜನ ಶಿಸ್ತು ಕಲೀಬೇಕಾದ್ರೆ..."

"ಶಿಸ್ತು ಗಿಸ್ತು ಆಮೇಲೆ. ನಾನು ಸೇರಿದ ವರ್ಷ ಒಬ್ಬ ಒಳಕೋಣೇಲೇ ಉಳಿದು ಸತ್ತ. ನಿನಗೆ ಹೇಳಿದ್ನಲ್ಲ." ಹೇಳಿದ್ದಳು, ಆದರೆ ಇಷ್ಟೇ. ಈ ಸಲ ಮುಂದುವರಿಸಿದಳು. "ಆಗಲೂ ಕಂಬಿ ಇತ್ತು, ಸುತ್ತಿಗೇನೂ ಇತ್ತು. ಘಾಟು ಬಂದವಳು ಸುತ್ತಿಗೆ ಕೈಗೆ ತಗೊಂಡಳು. ಹಿಂದಿನ ವಾರ ಅವಳು ಬಡಿದು, ಏನೂ ಇಲ್ಲದೆ, ಎಲ್ಲರ ಎದುರು ಬೈಸ್ಕೊಂಡಿದ್ದಳು. ಇನ್ನೊಂದು ಸಲ ನೋಡಿ ಬಡಿಯೋಣ ಅಂತ ನಿಂತಳು. ಅಷ್ಟೇ ಕಣೇ, ನಿಂತದ್ದು. ಯಾರು ಅಂತ ಕೇಳ್ಬಾರ್ದು ಅಂತ ನಾವೆಲ್ಲ ಮಾಡ್ಕೊಂಡದ್ದು ಆಮೇಲೆ."

ಕೇಳಿ ಮನಸ್ಸಿಗೆ ಕಷ್ಟವಾಯಿತು. ಆದರೆ ಯೋಚಿಸಿ ನೋಡಿದರೆ ಅದು ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ಆ ಹೆಂಗಸಿಗೆ ತರಬೇತಿ ಇರಲಿಲ್ಲ, ಕೇಳಲು ಒಬ್ಬರು ಇರಲಿಲ್ಲ. ಈಗ ನಾನಿದ್ದೇನೆ. ಇದನ್ನೇ ಅಕ್ಕನಿಗೆ ಬಿಡಿಸಿ ಹೇಳಿದೆ. ಅವಳೇ ದಿನಾ ಬಡಿಯುತ್ತಿದ್ದರೆ ಮೇಲ್ವಿಚಾರಕಿಯ ಅಕ್ಕನೇ ಹೀಗೆ ಎಂದು ಜನ ಆಡಿಕೊಳ್ಳುತ್ತಾರೆ ಎಂದೂ ಹೇಳಿದೆ.

ಅವಳು ಪುಟ್ಟಿಯ ಜಡೆ ಬಿಚ್ಚುತ್ತಿದ್ದಳು. ಕೊನೆಗೆ, "ಆಯ್ತು. ನಿನ್ನ ಮಾನ ಹೋಗೋ ಹಾಗೆ ನಾನು ಮಾಡಲ್ಲ. ಬಂದು ನಿನಗೇ ಹೇಳ್ತೀನಿ," ಎಂದಳು.

ಅಕ್ಕನನ್ನೂ ಬದಲಾಯಿಸಿದೆ. ಇಷ್ಟು ದೊಡ್ಡ ಗೆಲುವು ನನಗೆ ಈವರೆಗೆ ಸಿಕ್ಕಿರಲಿಲ್ಲ.

ಮೇ 19, ಸೋಮವಾರ

ದೊಡ್ಡಬಾಯಿ ಕೆಲಸ ಬಿಟ್ಟ. ಲೆಕ್ಕ ಮುಗಿಸಿಕೊಂಡು ಹೋಗುವಾಗ ಹಾಲ್‌ಗೆ ಬಂದು, ಕಂಬಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಸದ್ದೇ ಬರಲಿಲ್ಲ. "ಬರ್ತೀನಿ ಮೇಡಂ, ಉಸಿರು ತಗೊಳ್ತಾ ಇರಿ," ಎಂದ. ಯಾರೂ ನಗಲಿಲ್ಲ. ಶಿಸ್ತು ಬಂದಿದೆ.

ಮೇಸ್ತ್ರಿಯನ್ನು ಇನ್ನೊಂದು ಸ್ಟೋರೇಜಿಗೆ ಕಳಿಸಿದ್ದಾರೆ, ವಾರಕ್ಕೊಮ್ಮೆ ಬಂದು ಹೋಗುತ್ತಾರಂತೆ. ಇಲ್ಲಿ ಈಗ ಅಷ್ಟು ಕೆಲಸವಿಲ್ಲ ಎಂದರು ಮ್ಯಾನೇಜರ್. ಯಾರೂ ಬಡಿಯದಿದ್ದರೆ ಅವರು ಏನು ಹುಡುಕಬೇಕು?

ಮೇ 28, ಬುಧವಾರ

ಕಂಬಿಯ ಸದ್ದು ಕೇಳದೆ ಬಹಳ ದಿನಗಳಾದವು. ಕೆಲಸ ಎಲ್ಲೂ ನಿಲ್ಲುವುದಿಲ್ಲ. ಮೇಲಿನವರು ಬಂದಿದ್ದರು. ಮ್ಯಾನೇಜರ್ ನನ್ನನ್ನು ತೋರಿಸಿ, "ಎಲ್ಲ ಈ ಹುಡುಗಿಯ ಕೈಚಳಕ," ಎಂದರು. ಒಬ್ಬರು ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ತಲೆದೂಗಿದರು. ಬೇಗ ಹೊರಟುಹೋದರು, ಅವರಿಗೆ ಬೇರೆ ಕೆಲಸಗಳಿರುತ್ತವೆ.

ಹಾಲ್‌ನಲ್ಲಿ ನೆಗಡಿ ಹರಡಿದೆ. ಯಾರನ್ನು ನೋಡಿದರೂ ಕಣ್ಣು ಕೆಂಪು, ಕೆಮ್ಮು. ಬೆಳಿಗ್ಗೆ ಬೇಗ ಏಳಬೇಕು, ಹಿತಮಿತವಾಗಿ ಉಣ್ಣಬೇಕು ಎಂದು ಕೂಟದಲ್ಲಿ ಹೇಳಿದೆ. ಕೂಟಕ್ಕೆ ಈಗ ಎಲ್ಲರೂ ಬರುತ್ತಾರೆ. ಯಾರೂ ಮಾತಾಡುವುದಿಲ್ಲ. ಮೊದಲೆಲ್ಲ ಎಷ್ಟು ಗದ್ದಲವಿತ್ತು.

ಒಬ್ಬಳು ನಿನ್ನೆ ಮೇಜಿನ ತನಕ ಬಂದಳು. ಏನು ಎಂದು ತಲೆಯೆತ್ತಿ ನೋಡಿದೆ. "ಏನಿಲ್ಲ ಮೇಡಂ," ಎಂದು ವಾಪಸ್ ಹೋದಳು. ತನ್ನನ್ನು ತಾನೇ ಕೇಳಿಕೊಂಡು ಉತ್ತರ ಕಂಡುಕೊಂಡಳು. ನಾನು ಬಯಸಿದ್ದು ಇದನ್ನೇ.

ಜೂನ್ 3, ಮಂಗಳವಾರ

ಮಧ್ಯಾಹ್ನ. ಮೇಜಿನಲ್ಲೇ ಕೂತು ಬರೆಯುತ್ತಿದ್ದೇನೆ. ಮನಸ್ಸು ಸ್ವಲ್ಪ ಅಲುಗಿದೆ, ಹಾಗಾಗಿ ಸಂಜೆಗೆ ಕಾಯಲಿಲ್ಲ.

ಈಗಷ್ಟೇ ಅಕ್ಕ ಬಂದಿದ್ದಳು. ಒಳಕೋಣೆಯಿಂದ ಪೆಟ್ಟಿಗೆ ತರುವ ಸರದಿ ಅವಳದ್ದು. ಬೇರೆಯವರಂತೆ ಮೇಜಿನ ಆಚೆ ನಿಂತಳು.

"ಘಾಟು ಬರ್ತಿದೆ," ಎಂದಳು. "ಇವತ್ತು ಜೋರಾಗಿದೆ. ಒಳಕೋಣೇಲಿ."

ನಿಯಮದಂತೆ ಎದ್ದು ಹೋದೆ. ಒಳಕೋಣೆಯ ಬಾಗಿಲು ತೆರೆದು ಮುಖ ಒಳಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ತಗೊಂಡೆ. ತಣ್ಣನೆಯ ಗಾಳಿ. ಬೇರೇನೂ ಇಲ್ಲ. ಇನ್ನೊಮ್ಮೆ ಪರೀಕ್ಷಿಸಿದೆ. ಅಷ್ಟೊಂದು ಪೆಟ್ಟಿಗೆಗಳಿದ್ದರೂ ಸೇಬಿನ ವಾಸನೆ ಕೂಡ ಇರಲಿಲ್ಲ, ಹಳೆಯ ದಾಸ್ತಾನು ಇರಬೇಕು. ಕಣ್ಣಲ್ಲಿ ನೀರು ಬಂತು. ಅದು ತಣ್ಣಗಿನ ಗಾಳಿಗೆ.

"ಏನೂ ಇಲ್ಲ ಅಕ್ಕಾ."

"ಸರಿಯಾಗಿ ನೋಡಿದ್ಯಾ?"

"ಎರಡು ಸಲ ನೋಡಿದೆ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಡ್ರಾಯರ್ ಕಡೆ ನೋಡಿದಳು. "ಸುತ್ತಿಗೆ ಒಂದ್ಸಲ ಕೊಡ್ತೀಯಾ?"

ಹಾಲ್‌ನಲ್ಲಿ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ನಾನು ದನಿ ಏರಿಸಲಿಲ್ಲ. "ಅಕ್ಕಾ, ಉಸಿರು ತಗೋ. ನಿನ್ನನ್ನೇ ಕೇಳಿಕೋ. ಲಾರಿ ಬಂದು ನಿಂತಿದೆ, ಇನ್ನೊಂದು ಸಾಲು ಪೆಟ್ಟಿಗೆ ಅಷ್ಟೇ."

ಅವಳು ಉಸಿರು ತಗೊಂಡಳು. ಕೆಮ್ಮು ಬಂತು. ಹೋಗಲು ತಿರುಗಿದವಳು ನಿಂತು, "ಸಂಜೆ ಪುಟ್ಟೀನ ನೀನೇ ಶಾಲೆಯಿಂದ ಕರ್ಕೊಂಡು ಬಾ, ನನಗೆ ತಲೆ ಯಾಕೋ ಭಾರ," ಎಂದಳು. ಸೆರಗನ್ನು ಮೂಗಿಗೆ ಸುತ್ತಿಕೊಂಡು, ಕೈಗಾಡಿ ತಳ್ಳಿಕೊಂಡು ಒಳಗೆ ಹೋದಳು. ಬಾಗಿಲು ತಂತಾನೇ ಮುಚ್ಚಿತು, ತಂಪು ಹೋಗದಿರಲಿ ಎಂದು ಅದಕ್ಕೆ ಸ್ಪ್ರಿಂಗ್ ಇದೆ.

ವಾದ ಮಾಡಲಿಲ್ಲ. ಮೂರು ತಿಂಗಳ ಹಿಂದೆ ಇದೇ ಅಕ್ಕ ಹೇಳದೆ ಕೇಳದೆ ಕಂಬಿ ಬಡಿದು ಊರನ್ನೇ ಓಡಿಸುತ್ತಿದ್ದಳು. ಮನುಷ್ಯರು ಬದಲಾಗುವುದಿಲ್ಲ ಎನ್ನುವವರಿಗೆ ಅವಳನ್ನು ತೋರಿಸಬೇಕು.

ಇಷ್ಟು ಬರೆದು ತಲೆಯೆತ್ತಿದೆ. ಹಾಲ್‌ನಲ್ಲಿ ಹೆಂಗಸರು ಕೈ ನಿಲ್ಲಿಸಿದ್ದಾರೆ. ಎಲ್ಲರೂ ಎದ್ದು ನಿಂತಿದ್ದಾರೆ, ಕೆಲವರು ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದಾರೆ. ಎಲ್ಲರೂ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದಾರೆ. ಯಾರೂ ಓಡುತ್ತಿಲ್ಲ. ಒಬ್ಬಳಾದರೂ ಹೆಜ್ಜೆ ಕದಲಿಸಿಲ್ಲ. ನಾನು ಹೇಳಲಿ ಎಂದು ಕಾಯುತ್ತಿದ್ದಾರೆ. ಇಷ್ಟು ಶಿಸ್ತನ್ನು ನಾನೂ ನಿರೀಕ್ಷಿಸಿರಲಿಲ್ಲ.

ಕಣ್ಣಲ್ಲಿ ನೀರು ನಿಲ್ಲುತ್ತಿಲ್ಲ, ಅಕ್ಷರ ಕಲಸಿಹೋಗುತ್ತಿದೆ. ಸಂತೋಷಕ್ಕೂ ಹೀಗಾಗುತ್ತದೆ.

ಒಳಕೋಣೆಯಿಂದ ಕೈಗಾಡಿಯ ಸದ್ದು ನಿಂತು ಸ್ವಲ್ಪ ಹೊತ್ತಾಯಿತು. ಒಂದು ಸಾಲಿಗೆ ಇಷ್ಟು ಹೊತ್ತು ಬೇಕಾಗುವುದಿಲ್ಲ. ಕಾಲುಗಳು ಎದ್ದು ಓಡು ಎನ್ನುತ್ತಿವೆ, ಹಳೆಯ ಅಭ್ಯಾಸ ಪೂರ್ತಿ ಹೋಗಿಲ್ಲ ಎಂದಾಯಿತು. ಅದಕ್ಕೇ ಈ ಸಾಲನ್ನು ಮುಗಿಸಿಯೇ ಏಳುತ್ತೇನೆ.

ಹೋಗಿ ನೋಡಿ ಬರುತ್ತೇನೆ. ಇಷ್ಟು ಜನ ನನ್ನನ್ನೇ ನೋಡುತ್ತಿರುವಾಗ ನಡೆದೇ ಹೋಗಬೇಕು.